ಚೀಲಕ್ಕೆ ಎಷ್ಟು? ಪಿಕಪ್ ಬಾಡಿಗೆಯ ಎರಡು ವರ್ಷದ ಲೆಕ್ಕ

ಗಂಗಾವತಿಯಲ್ಲಿ ನನ್ನದೊಂದು ಗೊಬ್ಬರ-ಬೀಜದ ಅಂಗಡಿ. ಮೂಟೆ ಸಾಗಿಸಲು ಬೊಲೆರೊ ಪಿಕಪ್ ತಗೊಂಡೆ, 1.7 ಟನ್ ಹೊರುವಂಥದ್ದು. ಅಂಗಡಿ ಕೆಲಸ ವಾರಕ್ಕೆ ಎರಡು ದಿನ. ಉಳಿದ ದಿನ ಗಾಡಿ ಬೇವಿನ ಮರದ ಕೆಳಗೆ ನಿಂತಿರುತ್ತಿತ್ತು, ಸಾಲದ ಕಂತು ಮಾತ್ರ ನಿಲ್ಲುತ್ತಿರಲಿಲ್ಲ. ಹಾಗೆ ಬಾಡಿಗೆ ಶುರುವಾಯಿತು. ಎರಡು ವರ್ಷದಲ್ಲಿ ಬೇರೆ ಬೇರೆ ರೀತಿ ದರ ಹೇಳಿ ನೋಡಿದೆ, ಇನ್ಶೂರೆನ್ಸನ್ನೂ ಒಮ್ಮೆ ಬದಲಿಸಿದೆ.

ಮೊದಲು ಚೀಲದ ಲೆಕ್ಕ. ನೆಲ್ಲಿನ ಸುಗ್ಗಿಯಲ್ಲಿ ಎಲ್ಲರೂ ಕೇಳುವುದೇ ಅದು, "ಚೀಲಕ್ಕ ಎಷ್ಟ್ರಿ?" ಹೊಲದಿಂದ ಮಿಲ್ಲಿಗೆ, 15 ಕಿ.ಮೀ. ಒಳಗೆ, ನಾನು 30 ರೂಪಾಯಿ ಹೇಳಿದೆ. ನಮ್ಮ ಕಡೆ ನೆಲ್ಲಿನ ಚೀಲ ಅಂದರೆ 75 ಕೆ.ಜಿ. ನನ್ನ ಗಾಡಿಗೆ 22 ಚೀಲ ಹಾಕಿದರೆ ಮುಗಿಯಿತು. ಬಾಡಿಗೆ 660 ರೂಪಾಯಿ. ಆದರೆ ಹಮಾಲರು ಬಿಡಬೇಕಲ್ಲ! "ಇನ್ನಾ ಹಿಡಿತಾವ ಬಿಡ್ರಿ ಅಣ್ಣಾರ" ಅಂತ ಒಂದರ ಮೇಲೊಂದು ಹೇರುತ್ತಾರೆ. ನನಗೂ ಆಸೆ. 36 ಚೀಲಕ್ಕೆ 1,080 ಆಗುತ್ತದೆ. ಹಿಂದಿನ ಪಾಟಾ (ಸ್ಪ್ರಿಂಗ್ ಪಟ್ಟಿ) ಚಪ್ಪಟೆಯಾಗಿ ಸ್ಟೇರಿಂಗ್ ಹಗುರಾದಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಆದರೂ ಆ ಸುಗ್ಗಿ ಪೂರ್ತಿ ಹಾಗೇ ಓಡಿಸಿದೆ.

ಆಮೇಲೆ ಒಂದು ದಿನ ಕೂತು ಲೆಕ್ಕ ಹಾಕಿದೆ. 36 ಚೀಲ ಅಂದರೆ 2,700 ಕೆ.ಜಿ. ಸರಿಯಾಗಿ ಒಂದು ಟನ್ ಜಾಸ್ತಿ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000 ದಂಡ ಇದೆ. ಅಂದರೆ 22,000. ನನಗೆ ಒಂದು ಟ್ರಿಪ್ಪಿಗೆ ಜಾಸ್ತಿ ಸಿಕ್ಕಿದ್ದು 420. ಒಂದು ಸಲ ಸಿಕ್ಕಿಬಿದ್ದರೆ 52 ಟ್ರಿಪ್ಪಿನ ಲಾಭ ಹೋಯಿತು. ಇನ್ಶೂರೆನ್ಸಿನವರದ್ದು ಇನ್ನೊಂದು ಕತೆ. ಬಾಡಿಗೆ ಗಾಡಿ ಅಪಘಾತವಾದರೆ ನಷ್ಟ ನೋಡಲು ಬರುವ ಸರ್ವೇಯರ್ ಪರ್ಮಿಟ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಲೈಸೆನ್ಸ್ ಜೊತೆ ಲೋಡಿನ ಚೀಟಿಯನ್ನೂ ಕೇಳುತ್ತಾರೆ. ತೂಕ ದಾಟಿದ್ದರೆ ಕ್ಲೇಮು ಶೇ. 75ಕ್ಕಿಂತ ಮೇಲೆ ಹೋಗಬಾರದು ಅನ್ನುವ ಮಾರ್ಗಸೂಚಿಯನ್ನು 2010ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಲ್ಲೇ ಉಲ್ಲೇಖಿಸಿದ್ದಾರೆ. ಚೀಲದ ಲೆಕ್ಕ ಮಾಡಿದವನು ಓವರ್‌ಲೋಡಿಗೆ ತಾನೇ ಬಾಗಿಲು ತೆಗೆದಂತೆ. ದುಡಿಮೆ ಹೆಚ್ಚಬೇಕೆಂದರೆ ತೂಕ ಹೆಚ್ಚಲೇಬೇಕು, ಬೇರೆ ದಾರಿಯೇ ಇಲ್ಲ.

ಒಣಮೆಣಸಿನಕಾಯಿಗೆ ಮಾತ್ರ ಈ ಮಾತು ಅಷ್ಟು ಹೊಂದುವುದಿಲ್ಲ. ಸಿರುಗುಪ್ಪ ಕಡೆಯಿಂದ ಬ್ಯಾಡಗಿಗೆ ಒಯ್ಯುವಾಗ ತೂಕಕ್ಕಿಂತ ಮೊದಲು ಜಾಗ ತುಂಬುತ್ತದೆ. ಅಲ್ಲಿ ಚೀಲದ ಲೆಕ್ಕ ನಡೆಯುತ್ತದೆ.

ಕಿಲೋಮೀಟರ್ ಲೆಕ್ಕ ದೂರದ ಬಾಡಿಗೆಗೆ ಸರಿ. ನನ್ನ ದರ ಕಿ.ಮೀ.ಗೆ 24, ಹೋಗುವುದು ಬರುವುದು ಎರಡೂ ಸೇರಿ. ಹುಬ್ಬಳ್ಳಿಗೆ ಹೋಗಿ ಬಂದರೆ ಮೀಟರಿನಲ್ಲಿ 325, ಬಾಡಿಗೆ 7,800. ಲೋಡಿದ್ದಾಗ, ಖಾಲಿ ಬಂದಾಗ ಸರಾಸರಿ ಲೀಟರಿಗೆ 12 ಕೊಡುತ್ತದೆ. ಡೀಸೆಲ್ 91 ರೂಪಾಯಿಯಂತೆ 2,500 ಆಸುಪಾಸು ಖರ್ಚು. ಜಗಳ ಬರುವುದು ಒಂದೇ ಕಡೆ: "ಬರುವಾಗ ಖಾಲಿ ಬರ್ತೀರಿ, ಅದಕ್ಯಾಕ ರೊಕ್ಕ?" ಖಾಲಿ ಗಾಡಿ ಗಾಳಿ ಕುಡಿದು ಓಡುತ್ತದಾ ಅಂತ ಕೇಳಬೇಕೆನಿಸುತ್ತದೆ, ಕೇಳುವುದಿಲ್ಲ. ವಾಪಸ್ ಲೋಡು ಸಿಕ್ಕರೆ 1,000 ಬಿಡುತ್ತೇನೆ ಅನ್ನುತ್ತೇನೆ, ಸಾಮಾನ್ಯವಾಗಿ ಒಪ್ಪುತ್ತಾರೆ.

ದಿನದ ಬಾಡಿಗೆ, ಡೀಸೆಲ್ ಪಾರ್ಟಿದು. 1,800 ರೂಪಾಯಿ. ಮನೆ ಖಾಲಿ ಮಾಡುವವರಿಗೆ, ಪೆಂಡಾಲಿನವರಿಗೆ ಇದು ಸುಲಭ. ನನಗೆ ಬೇಜಾರು. ಒಂದು ಕಪಾಟಿಗೆ ಮೂರು ತಾಸು ಮಾತಾಡುತ್ತಾರೆ.

ಒಟ್ಟು ಟ್ರಿಪ್ಪಿಗೆ ಇಷ್ಟು ಅಂತ ಗುತ್ತಿಗೆ ಮಾತಾಡುವುದು ನನಗೆ ಈಗ ಹಿಡಿಸಿದ್ದು. ಬಳ್ಳಾರಿಯಿಂದ ಜೀನ್ಸ್ ಬಂಡಲ್ ತರುವವರೊಬ್ಬರು ತಿಂಗಳಿಗೆ ನಾಲ್ಕೈದು ಸಲ ಕರೆಯುತ್ತಾರೆ. ಇಷ್ಟು ತೂಕದವರೆಗೆ, ಇಂಥ ಜಾಗಕ್ಕೆ, ಎರಡು ತಾಸು ಕಾಯುವುದು ಸೇರಿ ಅಂತ ಮೊದಲೇ ವಾಟ್ಸಾಪಿನಲ್ಲಿ ಬರೆದು ಕಳಿಸುತ್ತೇನೆ. ಎರಡು ತಾಸಿನ ಮೇಲೆ ತಾಸಿಗೆ 150. ಆ ಸಾಲು ಬರೆದ ಮೇಲೆ ಹಮಾಲರು ಅದೆಲ್ಲಿಂದಲೋ ಬೇಗ ಬರುತ್ತಾರೆ.

ಇನ್ನು ಇನ್ಶೂರೆನ್ಸ್. ಗಾಡಿ ತಗೊಂಡಾಗ ಏಜೆಂಟ್ ಮಾಡಿಕೊಟ್ಟಿದ್ದು ಪ್ರೈವೇಟ್ ಕ್ಯಾರಿಯರ್ ಪಾಲಿಸಿ. ನಮ್ಮದೇ ಸರಕು ಸಾಗಿಸಲು ಮಾತ್ರ. 2022ರ ಜೂನ್ 1ರಿಂದ ಬಂದ ದರದಲ್ಲಿ, ಲೋಡೂ ಸೇರಿ ಒಟ್ಟು ತೂಕ 7,500 ಕೆ.ಜಿ. ಒಳಗಿನ ಗಾಡಿಗೆ ಇದರ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗಾಗುವ ನಷ್ಟದ) ಕಂತು 8,510 ರೂಪಾಯಿ, ಬಾಡಿಗೆಗೆ ಓಡಿಸುವ ಪಬ್ಲಿಕ್ ಕ್ಯಾರಿಯರ್‌ದು 16,049. ವ್ಯತ್ಯಾಸ 7,539. ಬಾಡಿಗೆ ಹೊಡೆಯುತ್ತೇನೆ ಅಂದಾಗ ಏಜೆಂಟ್ "ಸುಮ್ನಿರ್ರಿ, ಏನೂ ಆಗಲ್ಲ" ಅಂದ. ಆಗುತ್ತದೆ. ಹೇಳಿದ ಬಳಕೆ ಬಿಟ್ಟು ಬೇರೆಗೆ ಓಡಿಸಿದರೆ ಕಂಪನಿ ಕ್ಲೇಮು ತಳ್ಳುತ್ತದೆ. ಮೇಲೆ ಹೇಳಿದ ತೀರ್ಪು ಸ್ವಂತದ ಗಾಡಿ ಬಾಡಿಗೆಗೆ ಓಡಿದ ಪ್ರಕರಣದ್ದೇ. ಗಾಡಿಯವರಿಗೆ ಒಟ್ಟು ಎರಡೂವರೆ ಲಕ್ಷ ಸಿಕ್ಕಿತು, ಆದರೆ ದೆಹಲಿಯವರೆಗೆ ಹೋಗಬೇಕಾಯಿತು. ನನಗಂತೂ ಅಷ್ಟು ದೂರದ ಬಾಡಿಗೆ ಬೇಡ.

ಆ ಹಳೆ ಪಾಲಿಸಿಯಲ್ಲೇ ಒಂದು ಪಾಠವಾಯಿತು. ಗಿಣಗೇರಿ ಹತ್ತಿರ ರಾತ್ರಿ ಹಿಂಬದಿ ದೀಪವಿಲ್ಲದ ಟ್ರಾಲಿಗೆ ತಾಗಿಸಿದೆ. ಅವತ್ತು ಅಂಗಡಿಯದೇ ಗೊಬ್ಬರವಿತ್ತು, ಹಾಗಾಗಿ ಬಾಡಿಗೆಯ ಪ್ರಶ್ನೆ ಬರಲಿಲ್ಲ. ರಿಪೇರಿ ಬಿಲ್ಲು 31,000, ಕೈಗೆ ಬಂದದ್ದು 9,400. ಫುಲ್ ಇನ್ಶೂರೆನ್ಸ್ ಅಲ್ವಾ ಅಂದೆ. ಸರಕು ಗಾಡಿಯ ಪಾಲಿಸಿಯಲ್ಲಿ ದೀಪ, ಬಂಪರ್, ಮಡ್‌ಗಾರ್ಡ್, ಟೈರು, ಬಣ್ಣ ಇವೆಲ್ಲ ಗಾಡಿ ಪೂರ್ತಿ ಹಾಳಾದಾಗ ಬಿಟ್ಟರೆ ಸೇರುವುದಿಲ್ಲವಂತೆ. ಸೇರಬೇಕೆಂದರೆ ಐಎಂಟಿ 23 ಅಂತ ಹೆಚ್ಚು ಕಂತು ಕಟ್ಟಬೇಕು. ಕಾರಿನ ಪಾಲಿಸಿ ನೋಡಿ ಅಭ್ಯಾಸವಾದವರಿಗೆ ಇದು ಹೊಳೆಯುವುದೇ ಇಲ್ಲ.

ಈಗಿನದು ಪಬ್ಲಿಕ್ ಕ್ಯಾರಿಯರ್, ಐಎಂಟಿ 23 ಸೇರಿ. ಎಲ್ಲ ಕೂಡಿ 29,000. ವರ್ಷಕ್ಕೆ 200 ದಿನ ಓಡಿದರೆ ದಿನಕ್ಕೆ 145. ದರ ಹೇಳುವಾಗ ಡೀಸೆಲ್ ಜೊತೆ ಇದನ್ನೂ ಕೂಡಿಸುತ್ತೇನೆ. ಪರ್ಮಿಟ್ಟೂ ಮಾಡಿಸಿದೆ. ಲೋಡೂ ಸೇರಿ ಒಟ್ಟು ತೂಕ 3,000 ಕೆ.ಜಿ. ಒಳಗಿನ ಟಾಟಾ ಏಸ್‌ನಂಥ ಗಾಡಿಗೆ ಅದು ಬೇಡ, ನನ್ನದು ದಾಟುತ್ತದೆ.

ಇಷ್ಟೆಲ್ಲ ಕಟ್ಟಿದರೂ ಮೇಲಿನ ಸರಕಿಗೆ ಇನ್ಶೂರೆನ್ಸ್ ಇಲ್ಲ. ಅಕ್ಕಿ ಚೀಲ ನೆನೆದಾಗ ತಾಡಪತ್ರಿ ನನ್ನದು, ತೂತೂ ನನ್ನದು. ನಷ್ಟವನ್ನು ಮಿಲ್ಲಿನವರು ನನ್ನ ಬಾಡಿಗೆಯಲ್ಲಿ ಹಿಡಿದುಕೊಂಡರು. ಸರಕಿನದು ಬೇರೆ ಪಾಲಿಸಿ, ಅದನ್ನು ಮರೀನ್ ಅನ್ನುತ್ತಾರೆ. ಸಮುದ್ರವೇ ಕಾಣದ ಗಂಗಾವತಿಯಲ್ಲಿ ಮರೀನ್! ಮಿಲ್ಲಿನವರು ಮಾಡಿಸಿದ್ದರೂ ನಾವು ಪಾರು ಅಂತಲ್ಲ. ಅವರ ಕಂಪನಿ ದುಡ್ಡು ಕೊಟ್ಟ ಮೇಲೆ ಗಾಡಿಯವನ ಹತ್ತಿರ ವಸೂಲಿಗೆ ಬರಬಹುದು. ಹಿಂದೆ ಮಂದಿ ಕೂರಿಸಿಕೊಳ್ಳುವುದಂತೂ ಬಿಟ್ಟೆ. ಸರಕಿನ ಮಾಲೀಕ ಬಂದರೆ ಕ್ಯಾಬಿನ್ನಿನಲ್ಲಿ ಕೂರಲಿ, ಅವನಿಗೆ ಪಾಲಿಸಿ ಆಗುತ್ತದೆ. ಹುಣ್ಣಿಮೆಗೆ ಹುಲಿಗಿಗೆ ಹೊರಟ ಭಕ್ತರಿಗೆ ಆಗುವುದಿಲ್ಲ. ಸರಕು ಗಾಡಿಯ ಪ್ರಯಾಣಿಕರ ಹೊಣೆ ಕಂಪನಿಯದಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ.

ಮೊನ್ನೆ ಕಾರಟಗಿಯ ಒಬ್ಬ ರೈತರು ಕರೆದರು. 22 ಚೀಲ, ಟ್ರಿಪ್ಪಿಗೆ 900 ಅಂದೆ. "ಚೀಲಕ್ಕ ಎಷ್ಟು ಅಂತ ಹೇಳ್ರಿ ಸಾಕು" ಅಂದರು. ಹೇಳಲಿಲ್ಲ. ಬೇರೆ ಗಾಡಿ ಬಂತು, ನನ್ನದರಷ್ಟೇ ಗಾಡಿ. 38 ಚೀಲ ಎಣಿಸಿದೆ. ಈ ಸುಗ್ಗಿಯಲ್ಲಿ ಹೀಗೆ ಕೈತಪ್ಪಿದ್ದು ಇದು ಏಳನೆಯದು.