ಗುರುವಾರದ ಸಂಡೇ ಸ್ಕೂಲ್

ಚರ್ಚಿನಲ್ಲಿ ನನ್ನ ನಂಬಿಕೆಯ ದೃಢೀಕರಣ (ಕನ್ಫರ್ಮೇಶನ್) ಆದಾಗ ನನಗೆ 15 ವರ್ಷ. ಈಗ 57. ನಡುವಿನ 42 ವರ್ಷ ಹೆಚ್ಚೂಕಡಿಮೆ ಪ್ರತಿ ಭಾನುವಾರ ಚರ್ಚಿಗೆ ಹೋಗಿದ್ದೇನೆ. ಆದರೆ ಕಲಿಕೆ ಮಾತ್ರ ಆ 15ಕ್ಕೇ ನಿಂತುಬಿಟ್ಟಿತ್ತು. ಬಿಷಪ್ಪರು ತಲೆ ಮೇಲೆ ಕೈ ಇಟ್ಟರು, ಅಲ್ಲಿಗೆ ಪಾಠ ಮುಗೀತು ಅಂದುಕೊಂಡವರಲ್ಲಿ ನಾನೂ ಒಬ್ಬ.

ಆಗ ನಮಗೆ ಬಾಯಿಪಾಠ ಮಾಡಿಸಿದ್ದು ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ ಪರಂಪರೆಯ) ಪ್ರಾರ್ಥನಾ ಪುಸ್ತಕದ ಹಳೇ ಪ್ರಶ್ನೋತ್ತರ. ಮೊದಲನೇ ಪ್ರಶ್ನೆ: ನಿನ್ನ ಹೆಸರೇನು? ಎರಡನೆಯದು: ಈ ಹೆಸರನ್ನು ನಿನಗೆ ಕೊಟ್ಟವರು ಯಾರು? ಇಷ್ಟು ಸುಲಭವಾ ಅಂತ ಖುಷಿಪಟ್ಟಿದ್ದೆ. ಆಮೇಲೆ ವಿಶ್ವಾಸ ಪ್ರಮಾಣ, ಹತ್ತು ಆಜ್ಞೆ, ಕರ್ತನ ಪ್ರಾರ್ಥನೆ ಎಲ್ಲಾ ಬಂತು. ಕೇಳುವವರು ಯಾವಾಗಲೂ ಅವರು, ಹೇಳುವವರು ನಾವು. ಒಬ್ಬ ಹುಡುಗ ತಿರುಗಿ ಒಂದು ಪ್ರಶ್ನೆ ಹಾಕಿದ. "ಮೊದಲು ಬರೆದಿರೋದನ್ನ ಹೇಳು" ಅಂದರು. ಆ ಹುಡುಗ ನಾನೇ.

ಹಾಗಾಗಿ ನಮ್ಮ ಪ್ಯಾರಿಷ್‌ನಲ್ಲಿ ದೊಡ್ಡವರಿಗೆ ಅಂತ ಕಲಿಕೆಯ ಗುಂಪು ಶುರುವಾದಾಗ ಸ್ವಲ್ಪ ಅಳುಕುತ್ತಲೇ ಹೆಸರು ಕೊಟ್ಟೆ. ಒಂದು ವರ್ಷ ಹೋಗಿದ್ದೇನೆ. ನಿಮ್ಮ ಸಭೆಯಲ್ಲೂ ಇಂಥದ್ದೊಂದು ನಡೀತಾ ಇದ್ದು, ಸೇರೋದಾ ಬೇಡವಾ ಅಂತ ಯೋಚಿಸುತ್ತಿದ್ದರೆ ಓದಿ.

ಸೇರುವುದು ಗುರುವಾರ ಸಂಜೆ, ಒಂದೂವರೆ ಗಂಟೆ. ಆದರೂ ಎಲ್ಲರೂ ಅದನ್ನು ಕರೆಯುವುದು ಸಂಡೇ ಸ್ಕೂಲ್ ಅಂತಲೇ. ನಾವು ಒಂಬತ್ತು ಜನ. ನಡೆಸುವವರು ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಅಲ್ಲ; ಸಭೆಯ ಒಬ್ಬ ನಿವೃತ್ತ ಟೀಚರ್. ಅಯ್ಯನವರು ತಿಂಗಳಿಗೊಮ್ಮೆ ಬಂದು ಹಿಂದಿನ ಕುರ್ಚಿಯಲ್ಲಿ ಕೂರುತ್ತಾರೆ, ಕೇಳಿದರೆ ಮಾತ್ರ ಬಾಯಿ ಬಿಡುತ್ತಾರೆ. ಈ ಏರ್ಪಾಡು ಬಹಳ ಒಳ್ಳೆಯದು. ಅಯ್ಯನವರೇ ಎದುರಿಗೆ ನಿಂತರೆ ನಮ್ಮವರು ತಲೆಯಾಡಿಸುತ್ತಾರೆ, ಅಷ್ಟೇ.

ಮೊದಲ ದಿನ ಟೀಚರ್ ಬೋರ್ಡಿನ ಮೇಲೆ ಐದು ಮಾತು ಬರೆದರು. ಕೇಳು, ಓದು, ಗುರುತಿಟ್ಟುಕೋ, ಕಲಿ, ಅರಗಿಸಿಕೋ. ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್ 1549ರ ಪ್ರಾರ್ಥನಾ ಪುಸ್ತಕಕ್ಕೆ ಬರೆದ ಒಂದು ಪುಟ್ಟ ಪ್ರಾರ್ಥನೆಯಲ್ಲಿ ಇವು ಸಾಲಾಗಿ ಬರುತ್ತವೆ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಎರಡನೇ ಭಾನುವಾರ ಹೇಳುವ ಪ್ರಾರ್ಥನೆ ಅದು. ವರ್ಷ ವರ್ಷ ಕೇಳಿದ್ದೆ, ಕಿವಿಯ ಮೇಲೆ ಹಾದುಹೋಗಿತ್ತು. "ಮೊದಲ ನಾಲ್ಕನ್ನು ನಾನು ಮಾಡಿಸ್ತೀನಿ, ಐದನೆಯದು ನಿಮಗೆ ಬಿಟ್ಟಿದ್ದು" ಅಂದರು ಟೀಚರ್.

ಕೇಳುವುದರ ಬಗ್ಗೆ ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಭಾನುವಾರದ ಪಾಠಗಳು ಮೂರು ವರ್ಷದ ಸರತಿಯಲ್ಲಿ ಬರುತ್ತವೆ, ಅಲ್ವಾ? ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ, ಯೋಹಾನ ಮಾತ್ರ ಎಲ್ಲದರ ನಡುವೆ ಹಂಚಿಹೋಗಿದೆ. ಕಳೆದ ವರ್ಷ ಮಾರ್ಕನದು. ಒಂದು ಗುರುವಾರ ಬೇರೆ ಪಾಠವೇ ಇಲ್ಲ, ಮಾರ್ಕನ 16 ಅಧ್ಯಾಯಗಳನ್ನೂ ಸರದಿಯಂತೆ ಗಟ್ಟಿಯಾಗಿ ಓದಿದೆವು. ಮಾಮೂಲಿ ಸಮಯಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯಿತು. ಭಾನುವಾರಕ್ಕೆ ಹತ್ತು ವಚನದಂತೆ ಕೇಳಿದವನಿಗೆ ಆ ಸುವಾರ್ತೆಯ ಅವಸರವೇ ಗೊತ್ತಿರಲಿಲ್ಲ. ಎಲ್ಲಾ "ಕೂಡಲೇ, ಕೂಡಲೇ". ಕೊನೆಗೆ ಸಮಾಧಿಯ ಹತ್ತಿರ ಹೆಂಗಸರು ಹೆದರಿ ಓಡಿಹೋಗುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ. ತೀರ ಹಳೆಯ ಕೆಲವು ಹಸ್ತಪ್ರತಿಗಳು 16:8ರಲ್ಲಿ ಅಲ್ಲಿಗೇ ನಿಲ್ಲುತ್ತವೆ ಅಂತ ಟೀಚರ್ ಹೇಳಿದಾಗ ಪಕ್ಕದವರು ತಮ್ಮ ಸತ್ಯವೇದ (ಬೈಬಲ್) ತೆಗೆದು ಉಳಿದ ವಚನಗಳನ್ನು ಬೆರಳಿಟ್ಟು ಎಣಿಸಿದರು. ಅದೇ ವರ್ಷದ ನಡುವೆ ಐದು ಭಾನುವಾರ ಯೋಹಾನ 6, ಯೇಸು ರೊಟ್ಟಿಯ ಬಗ್ಗೆ ಮಾತಾಡುವ ಅಧ್ಯಾಯ, ಬಂದು ಕೂರುತ್ತದೆ. ಐದು ವಾರ ರೊಟ್ಟಿಯ ಮೇಲೆ ಪ್ರಸಂಗ ಮಾಡುವ ಅಯ್ಯನವರ ಕಷ್ಟ ಏನು ಅಂತ ಈಗ ಅರ್ಥವಾಗಿದೆ.

ಕಲಿಯುವ ಭಾಗವೂ ಪರವಾಗಿಲ್ಲ. ಆಂಗ್ಲಿಕನ್ನರ ನಂಬಿಕೆ ಸತ್ಯವೇದ, ಸಂಪ್ರದಾಯ, ವಿವೇಕ ಎಂಬ ಮೂರು ಕಾಲಿನ ಸ್ಟೂಲು, ಹಾಗಂತ ಇಂಗ್ಲೆಂಡಿನ ದೇವತಾಶಾಸ್ತ್ರಜ್ಞ ರಿಚರ್ಡ್ ಹೂಕರ್ ಹೇಳಿದ್ದಾನೆ ಅಂತ ನಾನು ನಾಲ್ಕು ಜನರ ಮುಂದೆ ಜಂಬದಿಂದ ಹೇಳುತ್ತಿದ್ದೆ. 1600ರಲ್ಲಿ ತೀರಿಕೊಂಡ ಆ ಮನುಷ್ಯ ಸ್ಟೂಲಿನ ಮಾತನ್ನೇ ಆಡಿಲ್ಲವಂತೆ. ಮೂರೂ ಕಾಲು ಒಂದೇ ಉದ್ದ ಅಂತಲೂ ಅವನು ಅಂದುಕೊಂಡಿರಲಿಲ್ಲ, ಅವನಿಗೆ ಸತ್ಯವೇದವೇ ಮೊದಲು. ಸುಮ್ನೆ ಕೂತೆ.

ಆದರೆ ಈ ಗುಂಪಿಗೆ ನಾನು ಅಂಕ ಕೊಡುವುದು ಇದಾವುದಕ್ಕೂ ಅಲ್ಲ. ಪ್ರತಿ ಗುರುವಾರ ಶುರುವಾಗುವುದು ಆ ದಿನದ ಸಂಜೆಯ ಕೀರ್ತನೆಗಳಿಂದ, ಅಂದರೆ ಬೈಬಲಿನ ಹಾಡುಗಳಿಂದ. ಹಳೇ ಪ್ರಾರ್ಥನಾ ಪುಸ್ತಕ 150 ಕೀರ್ತನೆಗಳನ್ನು 30 ದಿನಕ್ಕೆ, ಬೆಳಿಗ್ಗೆ ಸಂಜೆ ಅಂತ ಹಂಚಿದೆ. ಇಷ್ಟವಾದದ್ದನ್ನು ಆರಿಸಿಕೊಳ್ಳುವ ಹಾಗಿಲ್ಲ. ತಾರೀಕು ಏನು ಹೇಳುತ್ತದೋ ಅದನ್ನೇ ಓದಬೇಕು. 15ನೇ ಸಂಜೆ 78 ಒಂದೇ, ಉದ್ದಕ್ಕೆ ಮುಗಿಯುವುದೇ ಇಲ್ಲ.

ಒಂದು ಗುರುವಾರ 28ನೇ ತಾರೀಕು ಬಂತು. ಸಂಜೆಗೆ 136, 137, 138. ನಮ್ಮಲ್ಲಿ ಜಾಸ್ತಿ ಮಾತಾಡದ ಒಬ್ಬರು ಅಮ್ಮನ ಸರದಿ 137. ಬಾಬೆಲಿನ ನದಿ, ಮರಕ್ಕೆ ನೇತುಹಾಕಿದ ಕಿನ್ನರಿ, ಅಲ್ಲಿವರೆಗೂ ಚೆನ್ನಾಗಿ ಓದಿದರು. ಕೊನೆಯ ವಚನದ ಹತ್ತಿರ ನಿಂತರು. ಶತ್ರುವಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯ ಅನ್ನುವ ವಚನ ಅದು. ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು, ದನಿ ಇಳಿಸಿ, ಪೂರ್ತಿ ಓದಿದರು.

ಟೀಚರ್ ಏನೂ ಹೇಳಲಿಲ್ಲ. ಒಂದೆರಡು ನಿಮಿಷ ಹಾಗೇ ಕಳೆಯಿತು. ಆಮೇಲೆ ಒಬ್ಬರು ಕೇಳಿದರು, "ದೇವರ ಮುಂದೆ ಹಿಂಗೆಲ್ಲಾ ಹೇಳಬಹುದಾ?" ಓದಿದ ಅಮ್ಮನೇ ಉತ್ತರ ಕೊಟ್ಟರು. "ಹೇಳದೆ ಇಟ್ಕೊಂಡ್ರೆ ಎಲ್ಲಿ ಹೋಗತ್ತಪ್ಪ ಅದು?"

ನನಗೆ ತಮ್ಮನ ನೆನಪಾಯಿತು. ಏಳು ವರ್ಷದಿಂದ ಅವನ ಜೊತೆ ಮಾತಿಲ್ಲ. ಆ ಸಿಟ್ಟನ್ನು ಮಡಚಿ ಒಳಗಿಟ್ಟು ಪ್ರತಿ ಭಾನುವಾರ ಪ್ರಭುಭೋಜನ (ಆರಾಧನೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಳ್ಳುತ್ತಿದ್ದೆ. ಈಗಲೂ ಮಾತಾಡಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ 28ರ ಸಂಜೆ ಅವನ ಹೆಸರು ಹೇಳಿಯೇ ಆ ಕೀರ್ತನೆ ಓದುತ್ತೇನೆ. ಓದಿ ಎದ್ದುಹೋಗುವ ಹಾಗೂ ಇಲ್ಲ, ಹಿಂದೆಯೇ 138 ಇದೆ, ಅದು ಪೂರ್ತಿ ಸ್ತುತಿ.

ಇನ್ನು ದೂರುಗಳು. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸ ಕಾಲ, ಲೆಂಟ್‌ನ ಆರು ವಾರ ಟೀಚರ್ ರಜೆಯಲ್ಲಿದ್ದರು. ಬದಲಿಗೆ ಎಲ್ಲಿಂದಲೋ ತರಿಸಿದ ವಿಡಿಯೋ ಹಾಕಿದರು. ನಗುಮುಖದವರೊಬ್ಬರು ಅರ್ಧ ಗಂಟೆ ಮಾತಾಡುತ್ತಾರೆ, ನಾವು ಹಾಳೆಯಲ್ಲಿ ಬಿಟ್ಟ ಸ್ಥಳ ತುಂಬಬೇಕು. "ದೇವರು ನಮ್ಮನ್ನು ______ ಮಾಡುತ್ತಾನೆ." ಮತ್ತೆ 15ಕ್ಕೆ ಹೋದ ಹಾಗಾಯಿತು. ಮೂರನೇ ವಾರ ನಾಲ್ಕೇ ಜನ ಉಳಿದಿದ್ದೆವು.

ಗುಂಪಿನಲ್ಲಿ ಎಲ್ಲದಕ್ಕೂ ಉತ್ತರ ಇರುವವರೊಬ್ಬರು ಇದ್ದಾರೆ. ಅವರನ್ನು ನಿಲ್ಲಿಸುವುದು ಟೀಚರಿಗೂ ಆಗುವುದಿಲ್ಲ. ಆ ವ್ಯಕ್ತಿ ನಾನು ಅಲ್ಲ ಅಂದುಕೊಂಡಿದ್ದೇನೆ.

ಮನೆಯಲ್ಲಿ ಓದಲು ಕೊಟ್ಟ ಹಾಳೆ ಇನ್ನೊಂದು ತಲೆನೋವು. ಕೀರ್ತನೆಗೆ ಒಂದು ಪಟ್ಟಿ, ಪಾಠಕ್ಕೆ ಇನ್ನೊಂದು, ಹಬ್ಬದ ದಿನಕ್ಕೆ ಬೇರೆ. ಕ್ರ್ಯಾನ್ಮರ್ ತನ್ನ 1549ರ ಮುನ್ನುಡಿಯಲ್ಲಿ ಇದನ್ನೇ ದೂರಿದ್ದ: ಓದುವುದಕ್ಕಿಂತ ಏನು ಓದಬೇಕು ಅಂತ ಹುಡುಕುವುದೇ ದೊಡ್ಡ ಕೆಲಸವಾಗಿದೆ ಅಂತ. ಮಠಗಳ ದಿನವಿಡೀ ಪ್ರಾರ್ಥನೆಗಳನ್ನು ಬೆಳಿಗ್ಗೆ ಒಂದು, ಸಂಜೆ ಒಂದು ಅಂತ ಅವನು ಇಳಿಸಿದ್ದೇ ನಮ್ಮಂಥ ಸಾಮಾನ್ಯರೂ ಓದಲಿ ಅಂತ. ನಮ್ಮ ಹಾಳೆ ಅವನಿಗೆ ಸಿಕ್ಕಿದ್ದರೆ ಹರಿದು ಹಾಕುತ್ತಿದ್ದನೋ ಏನೋ.

ಸಂಜೆ ಪಾಳಿಯವರಿಗೆ, ಚಿಕ್ಕ ಮಕ್ಕಳಿರುವವರಿಗೆ ಈ ಸಮಯ ಆಗುವುದೇ ಇಲ್ಲ. ಒಂಬತ್ತು ಜನರಲ್ಲಿ 45ಕ್ಕಿಂತ ಕೆಳಗಿನವರು ಒಬ್ಬರೇ. ಹೇಳಿದ್ದೇವೆ, "ನೋಡೋಣ" ಅಂದಿದ್ದಾರೆ.

ಇನ್ನೂ ಗಟ್ಟಿಯಾಗಿ ಓದಬೇಕು ಅನ್ನುವವರಿಗೆ ಅಮೆರಿಕದ ಯೂನಿವರ್ಸಿಟಿ ಆಫ್ ದಿ ಸೌತ್ 1975ರಲ್ಲಿ ಶುರುಮಾಡಿದ ಎಜುಕೇಶನ್ ಫಾರ್ ಮಿನಿಸ್ಟ್ರಿ ಇದೆ. ಹೆಸರು ಹಾಗಿದ್ದರೂ ಅದು ಪಾದ್ರಿಯಾಗುವವರಿಗಲ್ಲ, ನಮ್ಮಂಥವರಿಗೇ. ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆ, ಸಭೆಯ ಚರಿತ್ರೆ, ದೇವತಾಶಾಸ್ತ್ರ ಅಂತ 4 ವರ್ಷ. ನನಗೆ ಸದ್ಯಕ್ಕೆ ಗುರುವಾರ ಸಾಕು.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ವಿಡಿಯೋ ಇಲ್ಲದಿದ್ದರೆ ನಾಲ್ಕೂವರೆ. ಕ್ರಿಸ್‌ಮಸ್ ರಜೆ ಕಳೆದ ಮೇಲೆ ಲೂಕನ ಜೊತೆ ಮತ್ತೆ ಶುರು, ಹೆಸರು ಕೊಟ್ಟಾಗಿದೆ. ಅಲ್ಲಿವರೆಗೆ ಮನೆಯಲ್ಲಿ ಒಬ್ಬನೇ ಓದುತ್ತಿದ್ದೇನೆ. ಇವತ್ತು 30ನೇ ತಾರೀಕು, 150 ಮುಗಿಯಿತು. ನಾಳೆ 31. ಆ ದಿನಕ್ಕೆ ಅಂತ ಹೊಸ ಕೀರ್ತನೆ ಇಲ್ಲ, 30ರದ್ದನ್ನೇ ಮತ್ತೆ ಓದಬೇಕು.