ಎಂಟು ಸಾವಿರಕ್ಕೆ ಸಿಕ್ಕ ವೆಬ್ಲಿ ಜೋಡಿನಳಿಗೆ: ನಾಲ್ಕು ಮುಂಗಾರು ಆದ ಮೇಲೆ

ಎಂಟು ಸಾವಿರ ರೂಪಾಯಿ. ಅಷ್ಟಕ್ಕೆ ಈಗ ಒಂದು ಒಳ್ಳೆ ಮೊಬೈಲೂ ಬರಲ್ಲ. 2022ರ ಬೇಸಿಗೆಯಲ್ಲಿ ಅಷ್ಟೇ ಕೊಟ್ಟು ವೆಬ್ಲಿ ಅಂಡ್ ಸ್ಕಾಟ್‌ನ ಹನ್ನೆರಡು ಬೋರಿನ ಜೋಡಿನಳಿಗೆ ಬಂದೂಕನ್ನು ಮನೆಗೆ ತಂದೆ. ಬರ್ಮಿಂಗ್‌ಹ್ಯಾಮ್‌ ಮಾಲು. ನನ್ನ ವಯಸ್ಸಿಗಿಂತ ಅದರದ್ದೇ ಜಾಸ್ತಿ.

ಕೊಟ್ಟವರು ಕುಷ್ಟಗಿ ಕಡೆಯ ಹಿರಿಯರು. ಕಣ್ಣು ಮಂಜಾಗಿತ್ತು, ಮಕ್ಕಳು ಬೆಂಗಳೂರಲ್ಲಿ, ಯಾರಿಗೂ ಬೇಡ. ಲೈಸೆನ್ಸ್ ಇಲ್ಲದವರಿಗೆ ಮಾರುವ ಹಾಗಿಲ್ಲ. ಇದ್ದವರಿಗೂ 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಎರಡೇ ಬಂದೂಕು. ಹಾಗಾಗಿ ಹಳೇ ಬಂದೂಕು ಅಂದ್ರೆ ಮುದಿ ಎತ್ತು ಇದ್ದ ಹಾಗೆ, ಸಾಕಿದವರಿಗೆ ಪ್ರೀತಿ, ಸಂತೆಯಲ್ಲಿ ಗಿರಾಕಿ ಇಲ್ಲ. ನನ್ನ ಹತ್ತಿರ ಬೆಳೆ ಕಾಯೋದಕ್ಕೆ ಅಂತ ತೆಗೆದ ಲೈಸೆನ್ಸ್ ಮೊದಲೇ ಇತ್ತು. ಆದರೂ ಅನುಮತಿ ಬಂದು ಲೈಸೆನ್ಸ್ ಪುಸ್ತಕದಲ್ಲಿ ಈ ಬಂದೂಕಿನ ನಂಬರ್ ಏರುವಷ್ಟರಲ್ಲಿ ಐದು ತಿಂಗಳು ಹೋಯಿತು.

ಕೊಳ್ಳುವಾಗ ನಳಿಗೆ ಬಿಚ್ಚಿ, ಕೊಕ್ಕೆಗೆ ಬೆರಳು ಸಿಕ್ಕಿಸಿ ತೂಗುಬಿಟ್ಟು, ಉಗುರಿನಿಂದ ತಟ್ಟಿದೆ. ಟಣ್ ಅಂತು. ಗುಡಿ ಗಂಟೆ ಹಾಗೆ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿತು. ಎರಡು ನಳಿಗೆಯ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದ್ದರೆ ಆ ನಾದ ಬರಲ್ಲ, ಒಡೆದ ಗಡಿಗೆ ಸದ್ದು ಬರುತ್ತದೆ. ನಾನು ಸೋತಿದ್ದು ಅಲ್ಲೇ.

ಒಂದು ಎಚ್ಚರಿಕೆ ಮಾತ್ರ. ನಳಿಗೆಯ ಕೆಳಗೆ 2½ ಅಂತ ಗುರುತಿತ್ತು. ಅಂದರೆ ಇದಕ್ಕೆ ಎರಡೂವರೆ ಇಂಚಿನ, ಈಗಿನ ಲೆಕ್ಕದಲ್ಲಿ 65 ಮಿಲಿಮೀಟರ್ ತೋಟಾ. ಈಗಿನ 70ರದ್ದು ಹಾಕಿದರೂ ಸರಾಗವಾಗಿ ಕೂರುತ್ತದೆ, ಮೋಸ ಅದೇ. ತೋಟಾದ ಉದ್ದ ಅಳೆಯೋದು ಹಾರಿದ ಮೇಲೆ ಬಿಚ್ಚಿಕೊಂಡ ಬಾಯಿ ಸೇರಿಸಿ. ಆ ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಇಲ್ಲದಿದ್ದರೆ ಒಳಗಿನ ಒತ್ತಡ ಏರುತ್ತದೆ. ಹಳೇ ನಳಿಗೆ, ಪಕ್ಕದಲ್ಲಿ ನಮ್ಮ ಮುಖ. ಸರಿಯಾದ ಅಳತೆಯದ್ದು ಸಿಗದ ವರ್ಷ ಬಂದೂಕು ಸುಮ್ನೆ ಗೋಡೆಗೆ ಒರಗಿತ್ತು.

ಇನ್ನು ಹಂದಿ ವಿಷಯ. ನಮ್ಮ ಹೊಲ ಗಂಗಾವತಿ ಕಡೆ, ಬಂಡೆಗುಡ್ಡದ ಬುಡದಲ್ಲಿ. ಶೇಂಗಾ ಕಾಯಿ ಕಟ್ಟಿತೆಂದರೆ ರಾತ್ರಿ ಹಂದಿ ಹಿಂಡು, ಆಗಾಗ ಕರಡಿ. ಹೊಡೆಯೋಕಲ್ಲ, ಗಾಳಿಗೆ ಒಂದು ಸದ್ದು ಬಿಡೋಕೆ ಅಂತ ಕೊಂಡಿದ್ದು. ಮೊದಲ ವರ್ಷ ಓಡಿದವು. ಎರಡನೇ ವರ್ಷ ಸದ್ದು ಕೇಳಿ ತಲೆ ಎತ್ತಿ ನೋಡಿ ಮತ್ತೆ ಮಣ್ಣು ಕೆದರಿದವು! ಎರಡು ತೋಟಾ ಸುಟ್ಟ ದುಡ್ಡಲ್ಲಿ ಒಂದು ಚೀಲ ಪಟಾಕಿ ಬರುತ್ತದೆ. ಹಂದಿಗಾಗಿಯೇ ಕೊಳ್ಳೋದಾದರೆ ಬೇಡ ಅಂತೀನಿ.

ಹಾಗಿದ್ದರೂ ಮಾರಿಲ್ಲ. ಕಾರಣ ಭಾನುವಾರ ಸಂಜೆ. ಪಡಸಾಲೆಯಲ್ಲಿ ಗೋಣಿ ಹಾಸಿ ಮೂರು ತುಂಡು ಮಾಡಿ ಇಡುತ್ತೇನೆ. ಹಳೇ ಧೋತರದ ಚೂರು, ಹೊಲಿಗೆ ಮಿಷನ್ ಎಣ್ಣೆ. ಬಟ್ಟೆ ಈ ಕಡೆ ಕಪ್ಪಾಗಿ ಹೋಗಿ ಆ ಕಡೆ ಬಿಳಿಯಾಗಿ ಬರುವ ತನಕ ಎಳೆಯೋದು. ಆಮೇಲೆ ನಳಿಗೆಯನ್ನು ಆಕಾಶಕ್ಕೆ ಹಿಡಿದು ಒಳಗೆ ನೋಡಿದರೆ ಬೆಳಕಿನ ಬಳೆ ಒಂದರ ಹಿಂದೆ ಒಂದು. ಕೊನೆಗೆ ಅಕ್ರೋಟ್ ಮರದ ಹಿಡಿಗೆ ನಾಲ್ಕು ಹನಿ ಅಗಸಿ ಎಣ್ಣೆ, ಅಂಗೈ ಬಿಸಿಯಾಗುವಷ್ಟು ಉಜ್ಜೋದು. ಹಸಿ ಎಣ್ಣೆ ಒಣಗೋಕೆ ದಿನಗಟ್ಟಲೆ ಬೇಕು, ಮನೆ ತುಂಬಾ ವಾಸನೆ. "ಚಟ್ನಿಗೆ ಅಗಸಿ ಇಲ್ಲ ಅಂತೀರಿ, ಇದಕ್ಕೆ ಮಾತ್ರ ಐತಿ" ಅಂತ ಮನೆಯವಳ ಗೊಣಗಾಟ ಮಾಮೂಲು.

ಈಗ ಹೊಟ್ಟೆ ಉರಿಯುವ ಮಾತು. ಎಲೆಕ್ಷನ್ ಬಂತೆಂದರೆ ಬಂದೂಕನ್ನು ಠಾಣೆಗೋ, ಲೈಸೆನ್ಸ್ ಇರುವ ಬಂದೂಕು ಅಂಗಡಿಗೋ ಒಪ್ಪಿಸಬೇಕು. ನಾನು ಕೊಟ್ಟಿದ್ದು ಠಾಣೆಗೆ. 2023ರ ವಿಧಾನಸಭೆ ಚುನಾವಣೆಗೆ ಕೊಟ್ಟೆ, ಚೆನ್ನಾಗೇ ಬಂತು. 2024ರ ಲೋಕಸಭೆಗೆ ಮಾರ್ಚ್ 16ರಂದು ದಿನಾಂಕ ಪ್ರಕಟ, ನಮಗೆ ಮತದಾನ ಮೇ 7, ಎಣಿಕೆ ಜೂನ್ 4. ಎಣ್ಣೆ ಬಳಿದು, ಬಟ್ಟೆ ಸುತ್ತಿ, ಚೀಟಿ ಕಟ್ಟಿ ಕೊಟ್ಟಿದ್ದೆ. ವಾಪಸ್ ತರುವಾಗ ಬಟ್ಟೆ ಇರಲಿಲ್ಲ. ಎಡ ನಳಿಗೆಯ ಮೇಲೆ ನಾಲ್ಕು ಬೆರಳು, ಒಂದು ಹೆಬ್ಬೆರಳು, ಅಚ್ಚು ಒತ್ತಿದ ಹಾಗೆ ಕೆಂಪು ತುಕ್ಕು. ಬೆವರಿದ ಕೈಯಲ್ಲಿ ಯಾರೋ ಎತ್ತಿಟ್ಟಿದ್ದಾರೆ. ಉಪ್ಪು ತನ್ನ ಕೆಲಸ ಮಾಡಿದೆ. ಕೇಳಿದರೆ, "ಹಳೇದಲ್ವಾ ರೀ, ತುಕ್ಕು ಹಿಡಿಯದೆ ಇರುತ್ತಾ?" ಅಂದರು.

ಮೂರು ಭಾನುವಾರ ಹಿಡಿಯಿತು. ಎಣ್ಣೆ ಹಚ್ಚಿ ರಾತ್ರಿ ಬಿಟ್ಟು, ದೇವರ ಪೆಟ್ಟಿಗೆಯಲ್ಲಿದ್ದ ತಾಮ್ರದ ಹಳೇ ಕಾಸಿನ ಅಂಚಿನಿಂದ ಮೆಲ್ಲಗೆ ಕೆರೆದೆ. ತಾಮ್ರ ಉಕ್ಕಿಗಿಂತ ಮೆತ್ತಗೆ, ತುಕ್ಕು ಏಳುತ್ತದೆ, ಉಕ್ಕಿಗೆ ಗೀರು ಬೀಳಲ್ಲ. ಉಕ್ಕಿನ ಉಜ್ಜುಗುಂಜು ಹಾಕಿದ್ದರೆ ನಳಿಗೆಯ ಮೇಲಿನ ನೀಲಿ ಬಣ್ಣವೂ ಹೋಗುತ್ತಿತ್ತು. ತುಕ್ಕು ಹೋಯಿತು, ಗುರುತು ಹೋಗಲಿಲ್ಲ. ಓರೆ ಬಿಸಿಲಿಗೆ ಹಿಡಿದರೆ ಐದೂ ಬೆರಳು ಕಾಣುತ್ತವೆ.

ಮುಂದಿನ ಸಲ ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲಿ ಇಡುತ್ತೇನೆ, ತಿಂಗಳ ಬಾಡಿಗೆ ಹೋದರೆ ಹೋಗಲಿ. ಜೊತೆಗೆ ಒಂದು ಜೋಡಿ ಹತ್ತಿ ಕೈಗವಸು ಕಟ್ಟಿ ಕೊಡುವ ಯೋಚನೆಯೂ ಇದೆ. ಐದಕ್ಕೆ ಮೂರು ಸ್ಟಾರ್. ಬಂದೂಕಿಗೆ ಮಾತ್ರ ಕೊಡೋದಾದರೆ ನಾಲ್ಕೂವರೆ.