ನಿಕೋಟಿನ್ ಗಮ್: ನಿಧಾನವೇ ಗುಣ, ನಿಧಾನವೇ ದೋಷ

ಸಿಗರೇಟು ಬಿಡಲೆಂದು ನಿಕೋಟಿನ್ ಗಮ್ ಕೊಂಡ ಹಲವರು ಕೆಲವೇ ದಿನಗಳಲ್ಲಿ ಅದನ್ನು ಮೂಲೆಗೆ ಸೇರಿಸುತ್ತಾರೆ. 4 ಮಿಲಿಗ್ರಾಂ ಗಮ್ಮನ್ನು ಸಾಕಷ್ಟು ಕಾಲ ಬಳಸಿರುವ ನನಗೆ ಇದು ಒಳ್ಳೆಯ ಉತ್ಪನ್ನವೆಂದೇ ಅನ್ನಿಸಿದೆ. ಆದರೆ ಸಿಗರೇಟಿನೊಡನೆ ವೇಗದಲ್ಲಿ ಸ್ಪರ್ಧಿಸಲು ಇದರಿಂದಾಗದು.

ಹೊಗೆ ಎಳೆದ 10ರಿಂದ 20 ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳನ್ನು ತಲುಪಿ, ಅಲ್ಲಿನ ಜೀವಕೋಶಗಳ ಮೇಲಿರುವ ಗ್ರಾಹಕಗಳಿಗೆ (ರಿಸೆಪ್ಟರ್) ಅಂಟಿಕೊಂಡು, ಖುಷಿಯ ಅನುಭವಕ್ಕೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕ ಸ್ರವಿಸುವಂತೆ ಮಾಡುತ್ತದೆ. ವರ್ಷಗಟ್ಟಲೆ ಸೇದಿದವರ ಮಿದುಳಿನಲ್ಲಿ ಈ ಗ್ರಾಹಕಗಳ ಸಂಖ್ಯೆಯೇ ಹೆಚ್ಚಿರುತ್ತದೆ. ರಕ್ತದಲ್ಲಿರುವ ನಿಕೋಟಿನ್ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕಿಳಿಯುವುದರಿಂದ ಬೆಳಗಿನ ಹಪಾಹಪಿ ಅಷ್ಟು ತೀವ್ರವಾಗಿರುತ್ತದೆ. ಎದ್ದ 30 ನಿಮಿಷದೊಳಗೆ ಸಿಗರೇಟು ಹಚ್ಚುವವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2 ಮಿಲಿಗ್ರಾಂ ಎಂಬ ಸೂಚನೆಯ ಹಿಂದಿರುವುದೂ ಈ ಲೆಕ್ಕಾಚಾರವೇ.

ಗಮ್ಮಿನ ನಿಕೋಟಿನ್ ಕೆನ್ನೆಯ ಒಳಪದರದಿಂದ ರಕ್ತಕ್ಕೆ ಇಳಿಯಬೇಕಾದ್ದರಿಂದ ಅದರ ಪೂರ್ಣ ಪರಿಣಾಮಕ್ಕೆ 20–30 ನಿಮಿಷ ಹಿಡಿಯುತ್ತದೆ. ಬಾಯಿ ಚುರುಗುಟ್ಟುವವರೆಗೆ ನಿಧಾನವಾಗಿ ಜಗಿದು, ಕೆನ್ನೆಗೂ ವಸಡಿಗೂ ನಡುವೆ ಒತ್ತರಿಸಿಟ್ಟು, ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು. ಮಾಮೂಲಿ ಚೂಯಿಂಗ್ ಗಮ್ಮಿನಂತೆ ಅಗಿದುಬಿಟ್ಟರೆ ನಿಕೋಟಿನ್ ಜೊಲ್ಲಿನೊಡನೆ ಹೊಟ್ಟೆಗೆ ಹೋಗಿ, ಬಹುಪಾಲು ಯಕೃತ್ತಿನಲ್ಲಿಯೇ ವಿಘಟನೆಗೊಂಡು, ಬಿಕ್ಕಳಿಕೆ ಮತ್ತು ಎದೆಯುರಿಯಷ್ಟೇ ದಕ್ಕುತ್ತವೆ. ಇಷ್ಟು ಮುಖ್ಯವಾದ ಮಾತನ್ನು ತಯಾರಕರು ಒಳಗಿನ ಚೀಟಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿರುವುದು ಸರಿಯಲ್ಲ. ಆಮ್ಲೀಯ ಪಾನೀಯಗಳು ಹೀರಿಕೆಯನ್ನು ತಗ್ಗಿಸುವುದರಿಂದ ಜಗಿಯುವ 15 ನಿಮಿಷ ಮೊದಲಿನಿಂದಲೇ ಕಾಫಿಯನ್ನೂ ಹಣ್ಣಿನ ರಸವನ್ನೂ ಬಿಡಬೇಕು. ಕಾಫಿಯ ಜೊತೆಗೇ ಸಿಗರೇಟು ಸೇದುತ್ತಿದ್ದವರಿಗೆ ಇದು ಸಣ್ಣ ಷರತ್ತಲ್ಲ.

ಪುದೀನ ರುಚಿ ಬೇಗನೆ ಕರಗಿ ಕಟುರುಚಿ ಉಳಿಯುತ್ತದೆ, ದವಡೆಯೂ ನೋಯುತ್ತದೆ. ಮಕ್ಕಳ ಕೈಗೆ ಸಿಗದಿರಲೆಂದು ಗಟ್ಟಿಯಾಗಿ ಮಾಡಿರುವ ಪೊಟ್ಟಣದ ಹಾಳೆ, ಸಿಗರೇಟಿಗಾಗಿ ಚಡಪಡಿಸುತ್ತಿರುವ ದೊಡ್ಡವರ ಉಗುರಿಗೂ ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ.

ಸೇದಬೇಕೆಂಬ ಸೆಳೆತ ಬಂದಾಗ ಹೆಚ್ಚಾಗಿ ಕೆಲವೇ ನಿಮಿಷ ಇರುತ್ತದೆ. ಆಗ ಬಾಯಿಗೆ ಹಾಕಿಕೊಂಡ ಗಮ್ ತಡವಾಗಿ ಬಂದ ನೆಂಟ. ಆದ್ದರಿಂದಲೇ ಮೊದಲ 6 ವಾರ 1–2 ಗಂಟೆಗೊಂದರಂತೆ, ದಿನಕ್ಕೆ 24ನ್ನು ಮೀರದಂತೆ, ಸೆಳೆತಕ್ಕೆ ಕಾಯದೆ ಜಗಿಯಲು ಹೇಳಲಾಗುತ್ತದೆ. ಹೀಗೆ ಮಾಡಿದಾಗ ಮೊದಲ ಕೆಲವು ದಿನಗಳ ಸಿಡಿಮಿಡಿ ನನ್ನಲ್ಲಿ ಗಮನಾರ್ಹವಾಗಿ ತಗ್ಗಿತು. ಊಟವಾದೊಡನೆ ಜೇಬಿಗೆ ಹೋಗುವ ಕೈಯನ್ನು ಮಾತ್ರ ಅದು ತಡೆಯಲಿಲ್ಲ. ಅದು ಗಮ್ಮಿನ ಕೆಲಸವೂ ಅಲ್ಲ.

ದಿನವಿಡೀ ಸೇದುವವರು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯೊಡನೆ (ಪ್ಯಾಚ್) ಇದನ್ನು ಬಳಸುವುದು ಒಂದನ್ನೇ ನೆಚ್ಚುವುದಕ್ಕಿಂತ ಹೆಚ್ಚು ಫಲಕಾರಿ. ಕಟ್ಟಿಸಿದ ಹಲ್ಲು ಅಥವಾ ದವಡೆಯ ತೊಂದರೆ ಇರುವವರು ಚೀಪುವ ನಿಕೋಟಿನ್ ಗುಳಿಗೆಯನ್ನು ಆರಿಸಿಕೊಳ್ಳಲಿ. ಹೃದ್ರೋಗಿಗಳೂ ಗರ್ಭಿಣಿಯರೂ ವೈದ್ಯರನ್ನು ಕೇಳಿಯೇ ಕೊಳ್ಳಲಿ.